ಬೆರಳಿಟ್ಟು ನೋಡುವ ಸಂತೆ

ಬಹಳ ಹಿಂದೆ, ಮಿಂಚನ್ನು ಬೆಣ್ಣೆಯ ಹಾಗೆ ಗಡಿಗೆಯಲ್ಲಿಟ್ಟು ಮಾರುತ್ತಿದ್ದ ಹೊಳಲುಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಸಂತೆಗೆ ಒಂದು ಪದ್ಧತಿ. ಕೊಳ್ಳುವವನು ಗಡಿಗೆಯ ಬಾಯಿಗೆ ಬೆರಳು ಹಿಡಿಯಬೇಕು. ಕಿಡಿ ಎಷ್ಟು ದೂರ ಹಾರಿ ಬೆರಳಿಗೆ ಚುಚ್ಚುತ್ತದೋ ಅಷ್ಟು ಬೆಲೆ. ಬೆಂಕಿನರಿಯ ತುಪ್ಪಳದಿಂದ ತೆಗೆದ, ಗೇಣುದ್ದ ಹಾರುವ ಮಿಂಚಿಗೆ ಜನ ಮುಗಿಬೀಳುತ್ತಿದ್ದರು. ಕೂದಲೆಳೆಯಷ್ಟೂ ಹಾರದ ಕೆಸರುಮೀನಿನ ಮಿಂಚನ್ನು ಮೂಸಿ ನೋಡುವವರಿರಲಿಲ್ಲ. ಸದ್ದು ನೋಡಿ ಬೆಲೆ ಕಟ್ಟುವ ಗಿರಾಕಿ ಎಲ್ಲ ಊರಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಅಲ್ಲಿ ಊರಿಗೆ ಊರೇ ಹಾಗಿತ್ತು.

ಊರು ಬೆಟ್ಟದ ಮೇಲೆ, ಹೊಳೆ ಕೆಳಗೆ. ಒಂದು ಕಬ್ಬಿಣದ ಆನೆ ಸೊಂಡಿಲು ಇಳಿಬಿಟ್ಟು ನೀರನ್ನು ಮೇಲೆತ್ತಿ ಕೊಡುತ್ತಿತ್ತು. ಮಸಿರಾಯನೆಂಬ ಮಾಂತ್ರಿಕ ಹೊಗೆಯೂದಿ ಆ ಆನೆಯನ್ನು ಮಲಗಿಸಿಬಿಟ್ಟ.

"ಮೂರು ಸಲ ಎಬ್ಬಿಸಿ ನೋಡಿ," ಅಂದ. "ಏಳಲಿಲ್ಲವೋ, ಊರಿನ ಮಕ್ಕಳೆಲ್ಲ ನನ್ನ ಗುಹೆಗೆ ಜೀತಕ್ಕೆ ಬರಬೇಕು."

ಆನೆಯ ಮುಂಗಾಲುಗಳಲ್ಲಿ ಎರಡು ತಾಮ್ರದ ಕಡಗಗಳಿದ್ದವು. ಮಿಂಚು ಒಂದರಿಂದ ಹೊಕ್ಕು, ಎದೆ ಸುತ್ತಿ, ಇನ್ನೊಂದರಿಂದ ಹೊರಬಂದರೆ ಆನೆ ಏಳಬೇಕು. ರಾಜ ಮಿಂಚಿನ ವ್ಯಾಪಾರಿ ಹಂಪಸೆಟ್ಟಿಗೆ ಹೇಳಿಕಳಿಸಿದ. ಅವನು ತಂಗಿ ಸೋವಕ್ಕನನ್ನೂ ಕರೆದುಕೊಂಡು ಬಂದ.

ಮೊದಲನೆಯ ಸಲ ಹಂಪಸೆಟ್ಟಿ ಅಂಗಡಿಯ ಅತಿ ದುಬಾರಿ ನರಿಮಿಂಚು ತೆರೆದ. ಕಿಡಿ ಮಾರುದ್ದ ಹಾರಿತು, ಚಟಾರೆಂದಿತು. ಜನ ಚಪ್ಪಾಳೆ ಹೊಡೆದರು. ಆನೆಯ ಕಿವಿ ಒಮ್ಮೆ ಅಲುಗಿ ಸುಮ್ಮನಾಯಿತು.

ಎರಡನೆಯ ಸಲ ಸೋವಕ್ಕ ಒಂದು ಗಡಿಗೆ ಕೆಸರುಮೀನು ತಂದು ಕಡಗಗಳಿಗೆ ಮುಟ್ಟಿಸಿದಳು. ಜನ ನಕ್ಕರು. ಆನೆಯ ಕಿವಿಯೂ ಅಲುಗಲಿಲ್ಲ.

"ಆಯ್ತಲ್ಲ, ಊರೆದುರು ಮರ್ಯಾದೆ," ಎಂದ ಹಂಪಸೆಟ್ಟಿ.

"ಅಣ್ಣಾ, ನರಿಮಿಂಚು ಬೆಟ್ಟದ ತುದಿಯಿಂದ ಬೀಳೋ ಒಂದು ಹನಿ. ಬಿರುಸು ಬೇಕಾದಷ್ಟು, ನೀರೇ ಇಲ್ಲ. ಮೀನಿಂದು ಅಂಗಳದಲ್ಲಿ ತುಂಬಿಟ್ಟ ಬಾನಿ. ನೀರು ಬೇಕಾದಷ್ಟು, ನೂಕೋರಿಲ್ಲ."

"ನೀನು ಹಿಂದೆ ನಿಂತು ನೂಕ್ತೀಯೇನು?"

"ಮೀನೇ ಮೀನನ್ನ ನೂಕಲಿ. ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸೋಣ. ಒಂದೊಂದರ ನೂಕೂ ಕೂಡ್ತಾ ಹೋಗುತ್ತೆ."

ಆ ನೂಕಿಗೆ ಈಗಿನವರು ವೋಲ್ಟೇಜ್ ಅನ್ನುತ್ತಾರೆ, ಹರಿಯುವುದಕ್ಕೆ ಕರೆಂಟ್ ಅನ್ನುತ್ತಾರೆ. ಹೊಳಲುಗಿರಿಯಲ್ಲಿ ಎರಡಕ್ಕೂ ಹೆಸರಿರಲಿಲ್ಲ. ಹಾರುವುದಕ್ಕೆ ಮಾತ್ರ ಬೆಲೆಯಿತ್ತು.

ಮನೆಮನೆಯಿಂದ ಗಡಿಗೆಗಳು ಬಂದವು. ಅಣ್ಣ ತಂಗಿ ಅವುಗಳಿಗೆ ಮೀನು ತುಂಬಿ, ಬೀದಿಯುದ್ದಕ್ಕೂ ಸಾಲಾಗಿಟ್ಟು, ತಾಮ್ರದ ತಂತಿಯಿಂದ ಬಾಲಕ್ಕೆ ತಲೆ ಬರುವಂತೆ ಒಂದಕ್ಕೊಂದು ಕಟ್ಟಿದರು. ಕೊನೆಗೆ ಸಾಲಿನ ಎರಡು ತುದಿಗಳನ್ನೂ ಆನೆಯ ಕಾಲಬುಡಕ್ಕೆ ತಂದರು. ಕಡಗಕ್ಕೆ ಸಿಕ್ಕಿಸುವುದೊಂದೇ ಬಾಕಿ. ಹಂಪಸೆಟ್ಟಿಯ ಕೈ ಮೊಣಕೈತನಕ ಒದ್ದೆಯಾಗಿತ್ತು.

"ತಾಳು ಸೋವಿ," ಅಂದ. "ಬೆರಳಿಟ್ಟು ನೋಡದೆ ಮಾಲು ಕೊಡೋ ಮನೆತನ ಅಲ್ಲ ನಮ್ಮದು."

ಒಂದು ತುದಿಯನ್ನು ಎಡಗೈಲಿ ಹಿಡಿದು, ಇನ್ನೊಂದರ ಹತ್ತಿರ ಬಲಗೈ ಬೆರಳು ತಂದ. ಏನೂ ಹಾರಲಿಲ್ಲ. ಇನ್ನೂ ಹತ್ತಿರ ತಂದ.

"ನೋಡ್ದೇನೇ, ಎಳ್ಳಿನಷ್ಟೂ ಹಾರಲ್ಲ ನಿನ್ನ ಮಿಂಚು!" ಎಂದು ನಗುತ್ತಲೇ ಬೆರಳೂರಿದ.

ನಗು ಅಲ್ಲಿಗೇ ನಿಂತಿತು. ಹಿಡಿದ ಮುಷ್ಟಿ ಬಿಡಲಿಲ್ಲ. ಸೋವಕ್ಕ ಒಣ ಬಿದಿರುಕೋಲಿನಿಂದ ತಂತಿಯನ್ನು ಹೊಡೆದು ದೂರ ತಳ್ಳಿದಳು. ಅವನು ಕುಸಿದುಬಿದ್ದ. ಎದೆ ತಿಕ್ಕಿದಳು, ಹೆಸರು ಹಿಡಿದು ಕೂಗಿದಳು. ಹಂಪಸೆಟ್ಟಿ ಏಳಲಿಲ್ಲ.

"ಮೂರನೆಯದೂ ಮುಗೀತು," ಎಂದ ಮಸಿರಾಯ. "ಮಕ್ಕಳನ್ನ ಹೊರಡಿಸಿ."

"ಆನೆಗೆ ಇನ್ನೂ ಮುಟ್ಟಿಸಿಲ್ಲ," ಅಂದಳು ಸೋವಕ್ಕ. "ನನ್ನ ಅಣ್ಣನನ್ನ ಆನೆ ಲೆಕ್ಕಕ್ಕೆ ಸೇರಿಸಬೇಡ."

ಅಳುವುದಕ್ಕೆ ಆಮೇಲೂ ಹೊತ್ತಿರುತ್ತದೆ, ಮಕ್ಕಳಿಗಿರಲಿಲ್ಲ. ಅವಳು ಕೋಲಿನಿಂದಲೇ ತಂತಿಗಳನ್ನೆತ್ತಿ ಎರಡು ಕಡಗಗಳಿಗೂ ಸಿಕ್ಕಿಸಿದಳು. ಆನೆ ಗುಡುಗಿನಂತೆ ಘೀಳಿಟ್ಟು ಎದ್ದಿತು. ಹೊಳೆಗೆ ಸೊಂಡಿಲಿಳಿಸಿ ನೀರೆತ್ತಿ ಬೀದಿಗೆ ಸುರಿಯಿತು. ಮಸಿರಾಯನ ಮೈಯೆಲ್ಲ ಬರೀ ಮಸಿ. ಕರಗಿ ಚರಂಡಿಗೆ ಹರಿದುಹೋದ.

ಮಕ್ಕಳು ಮನೆಯಲ್ಲಿ ಉಳಿದರು. ತೊಟ್ಟಿಗಳು ತುಂಬಿದವು. ಸಂತೆಯಲ್ಲಿ ಬೆರಳಿಡುವ ಪದ್ಧತಿಯನ್ನು ರಾಜ ನಿಲ್ಲಿಸಿದ. ಎಷ್ಟು ನೂಕುತ್ತದೆ, ಎಷ್ಟು ಹರಿಯುತ್ತದೆ ಎಂದು ಎರಡು ಮಾತು ಕೇಳಿ ಕೊಳ್ಳುವುದನ್ನು ಜನ ಕಲಿತರು. ಹರಿಯುವಷ್ಟು ಸರಕೂ ಇದ್ದು, ಹರಿಸುವಷ್ಟು ನೂಕೂ ಇದ್ದರೆ, ಹಾರದ ಮಿಂಚೂ ಆಳನ್ನು ಕೆಡವುತ್ತದೆ ಎಂದು ಕೂಸಿಗೂ ಗೊತ್ತಾಯಿತು. ಕಲಿತದ್ದು ತಡವಾಗಿ.

ಸೋವಕ್ಕ ಅಂಗಡಿ ನಡೆಸಿದಳು, ಚೆನ್ನಾಗಿಯೇ ನಡೆಸಿದಳು. ಮೀನಿನ ನೂಕು ಕೂಡುತ್ತದೆಂದು ಊರಲ್ಲಿ ಮೊದಲು ತಿಳಿದವಳು ಅವಳೇ. ಆನೆ ಏಳುತ್ತದೆಂದು ಲೆಕ್ಕ ಹಾಕಿದ್ದಳು. ಆನೆಯನ್ನು ಎಬ್ಬಿಸುವಂಥದ್ದು ಮನುಷ್ಯನನ್ನು ಏನು ಮಾಡೀತು ಎಂದು ಹಾಕಿರಲಿಲ್ಲ. "ಮುಟ್ಟಬೇಡಣ್ಣಾ" ಅನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು?

ಹಳೆಯ ಗಿರಾಕಿಗಳು ಮರೆತು ಗಡಿಗೆಯ ಕಡೆ ಬೆರಳು ಚಾಚುತ್ತಿದ್ದರು. ಅವಳ ಬಿದಿರುಕೋಲು ಗೆಣ್ಣಿನ ಮೇಲೆ ಪಟ್ಟನೆ ಬೀಳುತ್ತಿತ್ತು, ಜೋರಾಗಿಯೇ. ಆ ಸುಖವಾದ ಊರಿನಲ್ಲಿ ಆ ಪೆಟ್ಟಿಗೆ ಯಾರೂ ಎದುರಾಡುತ್ತಿರಲಿಲ್ಲ.