ಕೋತಿಗೆ ಮಣ್ಣು ಕೊಟ್ಟ ಭಾನುವಾರ

“ಅಲ್ಲಾಡ್ಬೇಡ ಕಣೋ, ಕಿವಿ ಹಿಂದೆ ಉಣ್ಣೆ ಕಚ್ಕೊಂಡೈತೆ.”

“ಕಚ್ಲಿ ಬುಡು. ನೀನು ಹಿಂಗೆ ಹತ್ರ ಕೂತ್ಕೊಳೋದಾದ್ರೆ ಇನ್ನೂ ನಾಕು ಕಚ್ಲಿ.”

ಮುನಿಲಕ್ಷ್ಮಿ ನಕ್ಕಳು. ಸಾಸಿವೆ ಕಾಳಿನಷ್ಟಿದ್ದ ಹುಳವನ್ನು ಉಗುರಿನಲ್ಲಿ ಕಿತ್ತು ಬಿಸಾಕಿದಳು, ಮುರಳಿಯ ಕಿವಿಯನ್ನು ಮಾತ್ರ ಬಿಡದೆ ಹಿಂಡಿದಳು. ಅವನು ನೋವಾದವನಂತೆ ಕಣ್ಣು ಮುಚ್ಚಿ, ಮತ್ತೆ ಒಂದೇ ಕಣ್ಣನ್ನು ಅರೆ ತೆರೆದು ಅವಳನ್ನೇ ನೋಡಿದ.

ಕೆಲಮಂಗಲದ ಹುಡುಗ, ಹೊಸೂರಿನ ಕಂಪನಿಯಲ್ಲಿ ಕೆಲಸ. ಭಾನುವಾರ ಓವರ್‌ಟೈಮ್ ಎಂದು ತಾಯಿಗೆ ಹೇಳಿ ಬೈಕು ಓಡಿಸುತ್ತಿದ್ದುದು ನಾಟ್ರಾಂಪಾಳ್ಯದ ಕಾಡಂಚಿಗೆ. ಅವಳು ಆಡು ಮೇಯಿಸುವ ನೆಪದಲ್ಲಿ ಬರುತ್ತಿದ್ದಳು. ಪ್ರೀತಿಸುವವರಿಗೆ ಕಾಡಿಗಿಂತ ಭದ್ರವಾದ ಜಾಗ ಇಲ್ಲವೆಂದು ಇಬ್ಬರೂ ನಂಬಿದ್ದರು.

ಆಗಷ್ಟೇ ಅವರು ಒಂದು ಕೋತಿಗೆ ಮಣ್ಣು ಕೊಟ್ಟು ಬಂದು ಕೂತಿದ್ದರು. ಹುಣಸೆಮರದಡಿ ಸತ್ತು ಬಿದ್ದಿತ್ತು. ಆಂಜನೇಯನ ರೂಪ, ಹಾಗೇ ಬಿಟ್ಟು ಹೋಗುವುದುಂಟೆ? ಮುರಳಿ ಅದನ್ನು ಎರಡೂ ಕೈಯಲ್ಲಿ ಎತ್ತಿ ಗುಂಡಿಗೆ ಇಳಿಸಿದ್ದ, ಅವಳು ಹೂವು ಹಾಕಿದ್ದಳು.

“ಸ್ವಾಮಿ ಸಾಕ್ಷಿ,” ಎಂದ ಅವನು. “ಯುಗಾದಿ ಕಳೀಲಿ, ಅಮ್ಮನ ಮುಂದೆ ನಿನ್ನ ಹೆಸ್ರು ಹೇಳ್ತೀನಿ.”

ಆರನೇ ದಿನಕ್ಕೆ ಅವನಿಗೆ ಜ್ವರ. ಒಂಬತ್ತನೇ ದಿನಕ್ಕೆ ಆಸ್ಪತ್ರೆ. ಫೋನಿನಲ್ಲಿ ದನಿ ಬತ್ತಿಹೋಗಿತ್ತು.

“ಡೆಂಗ್ಯೂ ಅಲ್ಲ, ಟೈಫಾಯ್ಡೂ ಅಲ್ಲ ಅಂತಾರೆ. ಕಾಡಿಗೆ ಹೋಗಿದ್ಯಾ ಅಂತ ಕೇಳಿದ್ರು, ಇಲ್ಲ ಅಂದೆ. ಮಾವ ಇಲ್ಲೇ ಅವ್ರೆ ಕಣೆ, ಬಾಯಿ ಬುಡ್ಬೇಡ.”

ಬಾಗಲೂರಿನ ಸೋದರಮಾವ ರಾಮಕೃಷ್ಣಪ್ಪ ತನ್ನ ಮಗಳನ್ನು ಮುರಳಿಗೇ ಕೊಡಬೇಕೆಂದು ಕಾದು ಕೂತಿದ್ದ.

ಅದೇ ಸಂಜೆ ಮುನಿಲಕ್ಷ್ಮಿಯ ಊರಿಗೆ ಆರೋಗ್ಯ ಇಲಾಖೆಯ ಜೀಪು ಬಂತು. ಕಾಡಿನಲ್ಲಿ ಮಂಗನ ಕಾಯಿಲೆ ಇರಬಹುದು, ಸತ್ತ ಕೋತಿಯ ಹತ್ತಿರ ಹೋಗಬೇಡಿ, ಉಣ್ಣೆ ಕಚ್ಚಿದರೆ ಜ್ವರ ಬಂದು ರಕ್ತ ಸೋರಬಹುದು ಎಂದು ಮೈಕಿನಲ್ಲಿ ಕೂಗಿತು. ಅವಳಿಗೆ ಆ ಭಾನುವಾರದ ಕೋತಿ, ಕಿವಿ ಹಿಂದಿನ ಉಣ್ಣೆ ನೆನಪಾದವು. ಹೇಳಿದರೆ ಮಾನ ಬೀದಿಪಾಲು, ಹೇಳದಿದ್ದರೆ ಅವನ ಜೀವವೇ ಹೋದೀತು. ಮಾನ ಹಾಳಾಗಿ ಹೋಗಲಿ ಎಂದು ಬೆಳಗಿನ ಮೊದಲ ಬಸ್ಸಿಗೆ ಆಸ್ಪತ್ರೆಗೆ ಹೋದಳು.

ಮುರಳಿಯ ಕಣ್ಣು ಕೆಂಡವಾಗಿತ್ತು, ಒಸಡಿನಲ್ಲಿ ರಕ್ತ. ಮಂಚದ ಪಕ್ಕ ತಾಯಿ ಅಕ್ಕಯಮ್ಮ ಮತ್ತು ಮಾವ. ಡಾಕ್ಟರಮ್ಮನ ಮುಂದೆ ನಿಂತು ಅವಳು ಒಂದೇ ಉಸಿರಿಗೆ ಹೇಳಿಬಿಟ್ಟಳು.

“ಮೇಡಂ, ಇವ್ರು ನಮ್ಮೂರ ಕಾಡಿಗೆ ಬಂದಿದ್ರು. ನನ್ನ ನೋಡಕ್ಕೆ. ಸತ್ತ ಕೋತಿ ಎತ್ತಿ ಮಣ್ಣು ಮಾಡಿದ್ರು. ಉಣ್ಣೆ ಕಚ್ಚಿತ್ತು, ನಾನೇ ಕಿತ್ತೆ.”

“ಯಾರ್ಲಾ ಇವ್ಳು?” ಎಂದ ಮಾವ.

ಮುರಳಿ ಅವಳನ್ನು ನೋಡಿದ. ಮಾವನನ್ನು ನೋಡಿದ. “ಗೊತ್ತಿಲ್ಲ ಮಾವ. ಯಾರೋ ಏನೋ.”

“ನನ್ ಮಗ ಕಂಪ್ನಿ ಬುಟ್ರೆ ಮನೆ! ನಾಚ್ಕೆ ಇಲ್ವೇನೆ ನಿಂಗೆ?” ಅಕ್ಕಯಮ್ಮ ಬಾಯಿಗೆ ಬಂದಂತೆ ಬೈದಳು.

ಮುನಿಲಕ್ಷ್ಮಿಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ. “ಮೇಡಂ, ನಾನು ಯಾರಾದ್ರೂ ಆಗ್ಲಿ. ಎಡಗಿವಿ ಹಿಂದೆ ನೋಡಿ.”

ಡಾಕ್ಟರಮ್ಮ ನೋಡಿದರು. ಉಣ್ಣೆ ಕಚ್ಚಿದ ಜಾಗದಲ್ಲಿ ಹಕ್ಕಳೆ ಕಟ್ಟಿತ್ತು. ಕೊಡುತ್ತಿದ್ದ ನೋವಿನ ಮಾತ್ರೆಯಿಂದ ರಕ್ತ ಇನ್ನೂ ಸೋರೀತೆಂದು ಅದನ್ನು ನಿಲ್ಲಿಸಿ, ರಕ್ತವನ್ನು ಬೇರೆ ಪರೀಕ್ಷೆಗೆ ಕಳಿಸಿದರು. ಇದಕ್ಕೆಂದೇ ಔಷಧವಿಲ್ಲ, ರಕ್ತ ಹೋಗದಂತೆ ಕಾಯಬೇಕಷ್ಟೆ ಎಂದರು. ನಿನಗೂ ಜ್ವರ ಬಂದರೆ ತಕ್ಷಣ ಬಾಮ್ಮ ಎಂದು ಮುನಿಲಕ್ಷ್ಮಿಗೆ ಹೇಳಿದರು. ಅಲ್ಲಿ ಅವಳ ಜೀವವನ್ನು ನೆನೆದವರು ಅವರೊಬ್ಬರೇ.

ಮೂರನೇ ದಿನ ರಿಪೋರ್ಟ್ ಬಂತು. ಮಂಗನ ಕಾಯಿಲೆಯೇ. ಅವನ ಬಾಯಿ ‘ಇಲ್ಲ’ ಎಂದದ್ದನ್ನು ಅವನ ರಕ್ತವೇ ‘ಹೌದು’ ಎಂದಿತ್ತು.

ತಿಂಗಳಾದ ಮೇಲೆ, ಚೇತರಿಸಿಕೊಂಡು ಮನೆ ಸೇರಿದವನು ಫೋನ್ ಮಾಡಿದ.

“ಎಲ್ಲಾ ಹೇಳ್ಬುಟ್ಟೆ ಕಣೆ. ಮಾವ ಎದ್ದೋದ್ರು. ಅಮ್ಮ ಒಪ್ಪವ್ಳೆ, ಜೀವ ಉಳಿಸ್ದೋಳು ಅಂತಾಳೆ. ಶುಕ್ರವಾರ ಹೆಣ್ಣು ಕೇಳಕ್ಕೆ ಬತ್ತೀವಿ.”

ಈ ಮಾತಿಗಾಗಿ ಎರಡು ವರ್ಷ ಕಾದಿದ್ದವಳು. ಈಗಲೂ ಅವನೆಂದರೆ ಪ್ರಾಣ. ಅದೇ ಅವಳ ಸಂಕಟ.

“ರಿಪೋರ್ಟ್‌ನಾಗೆ ಏನೂ ಬರ್ದೆ ಇದ್ದಿದ್ರೆ ಹೇಳ್ತಿದ್ಯಾ?”

ಅವಳು ಕಾದಳು. ಸುಳ್ಳಾದರೂ ಸರಿ, ಹೇಳ್ತಿದ್ದೆ ಅನ್ನಲಿ ಎಂದು ಆಸೆಪಟ್ಟಳು. ಅವನು ಅದನ್ನೂ ಹೇಳಲಿಲ್ಲ.

“ಬರ್ಬೇಡ ಮುರಳಿ,” ಎಂದಳು. “ನೀನು ಉಳೀಲಿ ಅಂತ ಬಂದಿದ್ದೆ, ಉಳ್ಕೊಂಡಿದ್ದೀಯ. ಅಷ್ಟು ಸಾಕು ನಂಗೆ.”

ಸಾಕಾಗಿರಲಿಲ್ಲ. ಫೋನ್ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು.