ಊಟ ಬಿಟ್ಟ ಕಡಲಮೀನು

ವಿಜ್ಞಾನದ ಮಾಸ್ತರ ಕಮಲಾಕರ ಮದ್ರಾಸಿನಿಂದ ಮನೆಗೆ ಮೀನು ತಂದಿದ್ದಾನೆ ಎಂಬ ಸುದ್ದಿ ಹೊಸಪೇಟೆಯ ಓಣಿಯಲ್ಲೆಲ್ಲ ಹಬ್ಬಿತ್ತು. ವೈಷ್ಣವರ ಮನೆಯಲ್ಲಿ ಮೀನು!

೧೯೩೬ರ ಮಾರ್ಚ್ ತಿಂಗಳು. ಹೆಣ್ಣುಮಕ್ಕಳ ಶಾಲೆಯ ಅಕ್ಕೋರು ಕೃಷ್ಣಾಬಾಯಿಗೆ ಸುದ್ದಿ ನಂಬಲಾಗಲಿಲ್ಲ. ಅವನಿಂದ ತಂದಿದ್ದ ಪುಸ್ತಕ ಹಿಂದಿರುಗಿಸುವ ನೆವ ಮಾಡಿಕೊಂಡು ಹೋದಳು.

"ಮಾಸ್ತರ್ರ, ಮೀನು ತಂದೀರಂತ, ಖರೇನೇನ್ರಿ?"

"ಹೌದ್ರಿ. ನಾಕು ದಿನ ಆತು, ಊಟಾನ ಮಾಡವಲ್ದು."

ಅವಳು ಕಣ್ಣರಳಿಸಿದಳು. ಆಗ ಪಡಸಾಲೆಯ ಗಾಜಿನ ತೊಟ್ಟಿ ಕಂಡಿತು. ಬೆರಳುದ್ದದ ಮೀನು, ಕಿತ್ತಳೆ ಮೈ, ಬಿಳಿ ಪಟ್ಟೆ. ಮೂಲೆಯಲ್ಲಿ ಮಂಕಾಗಿ ಒರಗಿತ್ತು. ಹುಡುಗರಿಗೆ ಪಾಠಕ್ಕೆಂದು ಸಮುದ್ರದ ನೀರಿನ ಸಮೇತ ತಂದಿದ್ದನಂತೆ.

ಕೃಷ್ಣಾಬಾಯಿಗೆ ನಗು ತಡೆಯಲಾಗಲಿಲ್ಲ. "ಊರೆಲ್ಲ ನೀವು ತಿನ್ಲಿಕ್ಕೆ ತಂದೀರಿ ಅಂತದ!"

ಅವನೂ ನಕ್ಕ. ಆದರೆ ಆ ನಗುವಿನಲ್ಲಿ ಜೀವವಿರಲಿಲ್ಲ. "ಬದುಕೂದಿಲ್ಲ ಅನಸ್ತದ್ರಿ. ನೀರು ಇಂಗಿದಷ್ಟು ಸಮುದ್ರದ ನೀರೇ ಹಾಕೀನಿ. ಏನು ತಪ್ಪಿತೋ!"

ಅವಳು ಬೆರಳದ್ದಿ ನಾಲಗೆಗೆ ಮುಟ್ಟಿಸಿದಳು. ಕಮಲಾಕರ ಬೆಚ್ಚಿದ. "ಅಯ್ಯ, ಮೀನಿನ ನೀರ್ರೀ!"

"ಟ್ರೈನಿಂಗಿಗೆ ಮದ್ರಾಸಿಗೆ ಹೋದಾಗ ಸಮುದ್ರದ ಅಲಿ ಬಡದು ಒಂದು ಗುಟುಕು ಕುಡದೀನಿ, ಮರ್ತಿಲ್ಲ. ಅದು ಇಷ್ಟು ಉಪ್ಪಿಲ್ರಿ. ಬಿಸಲಿಗೆ ನೀರು ಆರತದ, ಉಪ್ಪು ಎಲ್ಲಿಗೆ ಹೋಗತದ? ವಿಜ್ಞಾನ ನೀವೇ ಕಲಸ್ತೀರಿ!"

ಅವನ ಮುಖ ಕಿವಿಯ ತನಕ ಕೆಂಪೇರಿತು. ಅಷ್ಟರಲ್ಲಿ ಅಕ್ಕಿ ಗಿರಣಿಯ ಜಡೆಪ್ಪನವರು ಬೀಗರನ್ನು ಕರೆತಂದರು. ಎಲ್ಲರೂ ಗಾಜು ತಟ್ಟಿ ತಟ್ಟಿ ನೋಡಿದರು. ಮೀನು ಇನ್ನಷ್ಟು ಮುದುಡಿತು.

ಅವರು ಹೋದ ಮೇಲೆ ಕೃಷ್ಣಾಬಾಯಿ ಮೆಲ್ಲಗೆ ಹೇಳಿದಳು, "ಇದನ್ನ ಒಳಗ ಇಡ್ರಿ. ಅದು ಅಡಗಿಕೊಂಡು ಕೂಡ್ಲಿಕ್ಕೆ ಒಂದು ಒಡದ ಕುಡಿಕಿ ಹಾಕ್ರಿ. ನನ್ನ ಹನ್ನೊಂದನೇ ವರ್ಷಕ್ಕ ಗಂಡ ತೀರಿಕೊಂಡಾಗ ನನ್ನನ್ನೂ ಹಿಂಗ ನೋಡ್ಲಿಕ್ಕೆ ಬರ್ತಿದ್ರು. ನಾನೂ ಉಣ್ಣಲಿಲ್ಲ."

ಕಮಲಾಕರ ತಾನೊಬ್ಬನೇ ತೊಟ್ಟಿಯನ್ನು ಎತ್ತಲು ಹೋದ. ಅವಳು ಇನ್ನೊಂದು ಬದಿ ಹಿಡಿದಳು.

ಅಂದಿನಿಂದ ಶಾಲೆ ಬಿಟ್ಟ ಮೇಲೆ ದಿನವೂ ಬಂದಳು. ಕಾಯಿಸಿ ಆರಿಸಿದ ಹೊಳೆನೀರನ್ನು ಲೋಟ ಲೋಟವಾಗಿ, ಅವಸರವಿಲ್ಲದೆ ಹಾಕಿದರು. ಅವನು ಸೈಕಲ್ ಪಂಪಿನಿಂದ ಗಾಳಿ ಊದುತ್ತಿದ್ದ. ಅವಳು ರುಚಿ ನೋಡಿ ತಲೆಯಾಡಿಸುತ್ತಿದ್ದಳು. ಆ ತಲೆಯಾಡಿಕೆಗಾಗಿ ಅವನು ಉಸಿರು ಹಿಡಿದು ಕಾಯುವುದನ್ನು ಕಂಡೂ ಕಾಣದಂತಿದ್ದಳು.

ಆರನೆಯ ದಿನ ಮೀನು ಕುಡಿಕೆಯಿಂದ ಇಣುಕಿ, ಸರ್ರನೆ ಬಂದು ಅವನು ಹಾಕಿದ ಸೊಳ್ಳೆಮರಿಯನ್ನು ನುಂಗಿತು. "ಉಂಡಿತು!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಅವಳ ಕೈ ಅವನ ಕೈಯಲ್ಲಿತ್ತು. ಬಿಡಿಸಿಕೊಳ್ಳಬೇಕೆಂದು ನೆನಪಾಗುವಷ್ಟರಲ್ಲಿ ಬಹಳ ಹೊತ್ತಾಗಿತ್ತು.

ಊರವರ ಮಾತು ಕೃಷ್ಣಾಬಾಯಿಯ ತವರು ಕಂಪ್ಲಿಗೂ ಮುಟ್ಟಿತು. ಅವಳ ಅಣ್ಣ ವೆಂಕೋಬ ಬಂದು ಕಮಲಾಕರನ ಬಾಗಿಲಲ್ಲೇ ನಿಂತ. "ನೌಕರಿ ಸಾಕು. ನಡಿ ಊರಿಗೆ."

"ನಾನು ಇವರನ್ನ ಮದುವಿ ಆಗ್ತೀನಿ," ಎಂದ ಕಮಲಾಕರ.

"ನನ್ನ ಕೇಳೀರೇನು?" ಕೃಷ್ಣಾಬಾಯಿ ತಿರುಗಿದಳು.

ಅವನು ತಡವರಿಸಿದ. "ದಿನಾ ಕೇಳಬೇಕಂತ ಇದ್ದೆ. ಧೈರ್ಯ ಆಗಲಿಲ್ಲ. ಈಗ ಕೇಳ್ತೀನಿ. ಆಗ್ತೀರೇನು?"

ಅವಳು ಅಣ್ಣನನ್ನು ನೋಡಿದಳು. ಚಿಕ್ಕಂದಿನಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು.

"ಆಗ್ತೀನಿ. ಅಣ್ಣಾ, ಸಿಟ್ಟಾಗಬ್ಯಾಡ. ಒಳಗ ಬಾ, ಕೂಡು."

ವೆಂಕೋಬ ಕೂಡಲಿಲ್ಲ. "ಇನ್ನ ಕಂಪ್ಲಿ ಕಡಿ ಬರಬ್ಯಾಡ," ಎಂದು ಹೊರಟುಹೋದ. ಜಟಕಾ ಓಣಿ ತಿರುಗುವವರೆಗೂ ಅವಳು ಹೊಸ್ತಿಲಲ್ಲೇ ನಿಂತು ಅತ್ತಳು. ಕಮಲಾಕರ ಪಕ್ಕದಲ್ಲಿ ನಿಂತಿದ್ದ.

ಕಣ್ಣೊರೆಸಿಕೊಂಡು ಅವಳು ಹೇಳಿದಳು, "ಇನ್ನ ಮ್ಯಾಲೆ ನನಗ ನೀವು ಅನಬ್ಯಾಡ್ರಿ."

"ಮತ್ತೇನು ಅನ್ಲಿ?"

"ಹೆಸರು ಹಿಡದು ಕರೀರಿ. ಪ್ರೀತಿಯಿಂದ ಯಾರಾದ್ರೂ ಕರದು ಭಾಳ ವರ್ಷ ಆತು."

ಬಳ್ಳಾರಿಯಲ್ಲಿ ನಾಲ್ಕು ಜನರೆದುರು ಮದುವೆ, ಮಕ್ಕಳು, ವರ್ಗಾವಣೆ ಎಲ್ಲ ಆಮೇಲೆ ಬಂದವು. ಮುಪ್ಪಿನಲ್ಲಿ ಕೃಷ್ಣಾಬಾಯಿ ಮತ್ತೆ ಮತ್ತೆ ನೆನೆಯುತ್ತಿದ್ದುದು ಮಾತ್ರ ಆ ಹೊಸ್ತಿಲನ್ನು.

"ಕೃಷ್ಣಾ," ಎಂದಿದ್ದ ಅವನು, ಉಸಿರಿನಷ್ಟು ಮೆತ್ತಗೆ.

ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಹೇಳಿದ್ದಳು, "ಕೇಳಸಲಿಲ್ರಿ. ಇನ್ನೊಮ್ಮೆ ಕರೀರಿ."