ವ್ಯಾಪ್‌ಎಣ್ಣೆ ಡಾಟ್ ಕಾಮ್

"ನನ್ನ ಹೆಸರು ಹೊಡ್ಕೊಂಡೋರು ನೀವೇನಾ?"

ಮೊಳಕಾಲ್ಮೂರಿನ ತನ್ನ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸುತ್ತಿದ್ದ ಮಲ್ಲಿಕ್‌ನ ಕೈ ಹಾಗೇ ನಿಂತಿತು. ಎದುರಿಗೆ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮುರುಗೇಂದ್ರಪ್ಪನವರ ಮಗಳು ಸರ್ವಮಂಗಳ. ಪಕ್ಕದಲ್ಲಿ ಅವಳ ಅವ್ವ ಲಕ್ಷ್ಮೀದೇವಿ, ಕೈಯಲ್ಲಿದ್ದ ಹೊಸ ಸೀರೆ ಜಾರಿದ್ದೂ ತಿಳಿಯದೆ ಬೆಪ್ಪಾಗಿದ್ದರು.

"ಯಾವ ಹೆಸರು ರೀ?"

"ವ್ಯಾಪ್‌ಸೀರೆ ಡಾಟ್ ಕಾಮ್. ನಾನು ತಗೋಬೇಕು ಅಂತಿದ್ದೆ. ಕಂಪ್ಯೂಟರ್‌ನಲ್ಲಿ ನೋಡಿದ್ರೆ ಈ ಅಂಗಡಿ ವಿಳಾಸ ತೋರಿಸ್ತೈತೆ."

ಅದು ಎರಡು ಸಾವಿರನೇ ಇಸವಿ. ಮೊಬೈಲಿನಲ್ಲೇ ಇಂಟರ್ನೆಟ್ ತರುವ 'ವ್ಯಾಪ್' ಎಂಬ ತಂತ್ರಜ್ಞಾನದ ಸುದ್ದಿ ಪತ್ರಿಕೆಗಳ ತುಂಬ ಇತ್ತು. ಆ ಪದ ಸೇರಿಸಿ ವೆಬ್‌ಸೈಟಿಗೊಂದು ಹೆಸರು ಕೊಂಡಿಟ್ಟರೆ, ಮುಂದೆ ಯಾವುದೋ ಕಂಪನಿ ಹತ್ತು ಪಟ್ಟು ಕೊಟ್ಟು ಕೊಳ್ಳುತ್ತದೆ ಎಂದು ಸರ್ವಮಂಗಳ ಓದಿದ್ದಳು. 'ವ್ಯಾಪ್‌ಎಣ್ಣೆ' ಆಗಲೇ ಅವಳದಾಗಿತ್ತು. ಚಳ್ಳಕೆರೆಯಲ್ಲಿ ಇನ್ನೂ ಯಾರ ಕೈಯಲ್ಲೂ ಮೊಬೈಲ್ ಇಲ್ಲ ಎಂಬುದು ಅವಳಿಗೆ ಅಡ್ಡಿಯಾಗಿ ಕಂಡಿರಲಿಲ್ಲ!

"ಬೇಕಂದ್ರೆ ಮಾರ್ತೀನಿ. ಎಷ್ಟು ಕೊಡ್ತೀರಾ?" ಮಲ್ಲಿಕ್ ನಕ್ಕ.

"ನನ್ನ ಹೆಸರಿಗೆ ನೀವು ಬೆಲೆ ಕಟ್ತೀರಾ?"

"ಏನ್ ನಡದೈತೆ ನಿಮ್ಮಿಬ್ರ ನಡುವೆ?" ಲಕ್ಷ್ಮೀದೇವಿ ಸೀರೆಗಳ ಮೇಲೇ ಕುಸಿದು ಕೂತರು.

ಅವರಿಗೆ ನೀರು ಕುಡಿಸಿ, ಇದು ಬರೀ ಕಂಪ್ಯೂಟರ್ ವಿಷಯವೆಂದು ನಂಬಿಸುವಷ್ಟರಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಆಮೇಲೆ ಜಗಳವೆಲ್ಲ ಇ-ಮೇಲಿನಲ್ಲಿ. ಅವನ ಉತ್ತರ ಬಾರದ ದಿನ ಅವಳಿಗೆ ಊಟ ರುಚಿಸುತ್ತಿರಲಿಲ್ಲ... ಛೆ, ಇದೆಂಥ ಹುಚ್ಚು!

ವರ್ಷ ತಿರುಗುವಷ್ಟರಲ್ಲಿ ವ್ಯಾಪ್‌ನ ಭರಾಟೆ ಇಳಿಯಿತು. ಅವಳ ವ್ಯಾಪ್‌ಎಣ್ಣೆಯನ್ನು ಕೇಳುವವರೇ ಇಲ್ಲ.

"ಯುಗಾದಿಯೊಳಗೆ ಅದನ್ನ ಮಾರಿ ತೋರ್ಸು. ಆಗ್ಲಿಲ್ಲ ಅಂದ್ರೆ ನಾನು ನೋಡಿರೋ ದಾವಣಗೆರೆ ಹುಡುಗನ್ನ ಮದುವೆಗೆ ಒಪ್ಕೋಬೇಕು," ಎಂದರು ಮುರುಗೇಂದ್ರಪ್ಪ.

ಆ ಸಂಕಟವನ್ನು ಅವಳು ಬರೆದುಕೊಂಡದ್ದು ಮಲ್ಲಿಕ್‌ನ ಹತ್ತಿರವೇ.

ಸ್ವಲ್ಪ ದಿನದಲ್ಲಿ ಮುಂಬೈ ವ್ಯಾಪಾರಿಯೊಬ್ಬರಿಂದ ಇಂಗ್ಲಿಷಿನಲ್ಲಿ ಇ-ಮೇಲ್ ಬಂತು. ವ್ಯಾಪ್‌ಎಣ್ಣೆ ಒಳ್ಳೆಯ ಬೆಲೆಗೆ ಹೋಯಿತು! ಮುರುಗೇಂದ್ರಪ್ಪ ಮಾತಿಗೆ ತಪ್ಪಲಿಲ್ಲ. ದಾವಣಗೆರೆಗೆ ಬೇಡವೆಂದು ಹೇಳಿ ಕಳಿಸಿದರು.

ಹಿಗ್ಗಿಹೋದ ಸರ್ವಮಂಗಳ, ಹೊಸ ಮಾಲೀಕರ ವಿಳಾಸವನ್ನೊಮ್ಮೆ ನೋಡೋಣವೆಂದು ಇಂಟರ್ನೆಟ್ ಸೆಂಟರಿಗೆ ಹೋದಳು. ಪರದೆಯ ಮೇಲೆ ಮೂಡಿದ ಊರು ಮುಂಬೈ ಅಲ್ಲ, ಮೊಳಕಾಲ್ಮೂರು.

'ಅಯ್ಯೋ ಪಾಪ ಅನ್ನಿಸ್ಕೊಳ್ಳೋ ಹಂಗಾದ್ನಾ ನಾನು...'

ಮುಂದಿನ ಬಸ್ಸಿಗೇ ಹೊರಟಳು. ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡಳು.

"ತಗೊಳ್ಳಿ ನಿಮ್ಮ ದುಡ್ಡು. ನಾನೇನು ಕರುಣೆ ಬೇಡಿದ್ನಾ?"

ಮಲ್ಲಿಕ್ ದುಡ್ಡು ಮುಟ್ಟಲಿಲ್ಲ. "ಕರುಣೆ ಅಲ್ಲ ರೀ. ದಾವಣಗೆರೆ ಹುಡುಗ ಅಂತ ಓದಿದಾಗ್ಲಿಂದ ನನಗೆ ನಿದ್ದೆ ಇಲ್ಲ. ನೇರ ಬಂದು ಕೇಳೋಕೆ ಧೈರ್ಯ ಸಾಲ್ಲಿಲ್ಲ..."

"ಅದಕ್ಕೆ ಮುಂಬೈಯೋರಾದ್ರಾ?"

"ಆದೆ. ತಪ್ಪಾಯ್ತು. ಈಗ ನಾನಾಗೇ ಕೇಳ್ತೀನಿ... ನನ್ನ ಮದುವೆ ಆಗ್ತೀರಾ?"

ಇಷ್ಟು ದೂರ ಹೊತ್ತು ತಂದ ಕೋಪ ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ ಅವಳಿಗೆ.

"ಅಪ್ಪನ ಹತ್ರ ಬಂದು ಕೇಳಿ," ಎಂದಳು ತಲೆ ತಗ್ಗಿಸಿ.

"ಎಣ್ಣೆ ಹೆಸರು ಕೊಂಡೋನು ನಾನೇ ಅಂತ ಹೇಳ್ಲಾ?"

"ಹೇಳಿ. ಸುಳ್ಳು ಬೇಡ."

"ಬೈದ್ರೆ?"

"ಬೈಸ್ಕೊಳ್ಳಿ," ಎಂದು ಮೊದಲ ಸಲ ಅವನ ಕಣ್ಣನ್ನು ನೇರವಾಗಿ ನೋಡಿದಳು. "ನಾನು ಪಕ್ಕದಲ್ಲೇ ನಿಂತಿರ್ತೀನಿ."